ಓದದೆ ದಾಟುವ ಪಾಠ



ಹತ್ತನೆಯ ತರಗತಿಯ ಜೀವಶಾಸ್ತ್ರದ ಪುಸ್ತಕದಲ್ಲಿ ಸಂತಾನೋತ್ಪತ್ತಿಯೆಂಬ ಒಂದು ಪಾಠವಿರುವುದು ನಿಮಗೆಲ್ಲ ತಿಳಿದ ವಿಷಯವೇ. ಪಚನಕ್ರಿಯೆ, ಉಸಿರಾಟ, ರಕ್ತಪರಿಚಲನೆ ಮೊದಲಾದುವನ್ನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಸಾವಧಾನವಾಗಿ ವಿವರಿಸುವ ಉಪಾಧ್ಯಾಯರು ಈ ಪಾಠದ ಬಳಿಗೆ ಬಂದೊಡನೆ ಗಂಟಲನ್ನು ಸರಿಪಡಿಸಿಕೊಳ್ಳುವುದೂ, “ಇದನ್ನು ಮನೆಯಲ್ಲಿ ಓದಿಕೊಳ್ಳಿರಿ” ಎಂದು ಹೇಳಿ ಮುಂದಿನ ಪಾಠಕ್ಕೆ ಹಾರುವುದೂ ಅನೇಕ ಶಾಲೆಗಳಲ್ಲಿ ನಡೆದುಬಂದ ಪದ್ಧತಿಯಾಗಿದೆ. ಹೂವಿನ ಕೇಸರ, ಶಲಾಕೆ, ಪರಾಗಗಳ ಭಾಗವನ್ನು ಎರಡು ದಿನ ಹೇಳುವರು. ಮನುಷ್ಯನ ಸರದಿ ಬರುವ ವೇಳೆಗೆ ಗಂಟೆ ಬಾರಿಸಿರುತ್ತದೆ. ಈ ಪಾಠವನ್ನು ತರಗತಿಯಲ್ಲಿಯೇ, ಹುಡುಗರೂ ಹುಡುಗಿಯರೂ ಒಟ್ಟಿಗೆ ಕುಳಿತಿರುವಾಗಲೇ, ಒಂದು ಸಾಲನ್ನೂ ಬಿಡದೆ ಗಟ್ಟಿಯಾಗಿ ಓದಿ ವಿವರಿಸಬೇಕೆಂಬುದು ನನ್ನ ಅಭಿಪ್ರಾಯ.

ನಾನು ವಿಜ್ಞಾನದ ಉಪಾಧ್ಯಾಯನಲ್ಲ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಊರು ಬಿಟ್ಟು ಈ ನಗರಕ್ಕೆ ಬಂದು, ಪದ್ಯ ಗದ್ಯ ವ್ಯಾಕರಣಗಳನ್ನು ಹೇಳಿಕೊಡುವವನು. ಅಂಥವನಿಗೆ ಜೀವಶಾಸ್ತ್ರದ ಪಾಠದ ಚಿಂತೆ ಏಕೆಂದು ನೀವು ಕೇಳಬಹುದು. ಇದು ಮೊಟ್ಟಮೊದಲಿಗೆ ಭಾಷೆಯ ಪ್ರಶ್ನೆಯೆಂದು ನನಗೆ ತೋರುವುದರಿಂದಲೇ ಈ ಮಾತನ್ನು ಬರೆಯುತ್ತಿದ್ದೇನೆ.

ಸಿಕಂದರಾಬಾದಿನಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಹತ್ತು ವರ್ಷ ತುಂಬುವುದರೊಳಗಾಗಿ ಮೂರು ಭಾಷೆಗಳು ಬಂದಿರುತ್ತವೆ: ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ. ಇದು ದೊಡ್ಡ ಭಾಗ್ಯವೇ. ಆದರೆ ನಮ್ಮ ದೇಹದ ಕೆಲವು ಅಂಗಗಳ ಹೆಸರುಗಳು ಈ ಮೂರು ಭಾಷೆಗಳಲ್ಲಿಯೂ ಮಗುವಿನ ಕಿವಿಗೆ ಮೊದಲು ಬೀಳುವುದು ಬೈಗುಳದ ರೂಪದಲ್ಲಿ. ಎರಡು ಆಟೋರಿಕ್ಷಾಗಳು ಒಂದಕ್ಕೊಂದು ತಗಲಿದಾಗ, ನೀರಿನ ಟ್ಯಾಂಕರಿನ ಮುಂದೆ ಕೊಡಗಳ ಸಾಲು ಕದಲಿದಾಗ, ಯಾರ ತಾಯಿಯ, ಯಾರ ಅಕ್ಕನ ದೇಹವನ್ನೋ ಬೀದಿಗೆಳೆದು ಆಡುವ ಮಾತು ಅದು. ಹೀಗೆ ಹೊಲಸೆಂದು ಮೊದಲು ಕಲಿತ ಸಂಗತಿಯನ್ನು ಪಾಠಪುಸ್ತಕದಲ್ಲಿ ಕಂಡಾಗ ಹುಡುಗನು ನಗದೆ ಏನು ಮಾಡಿಯಾನು? ಹುಡುಗಿಯು ತಲೆ ತಗ್ಗಿಸದೆ ಏನು ಮಾಡಿಯಾಳು? ದೋಷವು ಮಕ್ಕಳದಲ್ಲ. ಮನೆಯೂ ಶಾಲೆಯೂ ಶುದ್ಧವಾದ ಹೆಸರುಗಳನ್ನು ಕೊಡದೆ ಹೋದುದರಿಂದ ಬೀದಿಯು ತನ್ನ ಹೆಸರುಗಳನ್ನು ಕೊಟ್ಟಿದೆ.

ಕನ್ನಡವು ಈ ವಿಷಯದಲ್ಲಿ ಬಡ ಭಾಷೆಯೇನೂ ಅಲ್ಲ. ಬಸಿರು, ಬಯಕೆ, ಹೆರಿಗೆ, ಬಾಣಂತನ, ಹೊಕ್ಕಳುಬಳ್ಳಿ, ಮಾಸು, ಚೊಚ್ಚಲು, ಅವಳಿಜವಳಿ, ಇವೆಲ್ಲ ನಮ್ಮ ಅಜ್ಜಿಯರು ನಾಚದೆ ಆಡಿದ ಮಾತುಗಳು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ಕೈಯ ತಿಳಿವಳಿಕೆಯನ್ನು ಹೊತ್ತಿದ್ದುದು ನಮ್ಮ ಹಳ್ಳಿಗಳ ಆಡುಮಾತೇ. ಇನ್ನು ಶಾಸ್ತ್ರದ ಮಾತಿಗೆ ಬಂದರೆ, ಈ ನಗರದ ಉಸ್ಮಾನಿಯಾ ವಿಶ್ವವಿದ್ಯಾಲಯವು 1918ರಲ್ಲಿ ಆರಂಭವಾದಾಗ ಪಾಠಗಳನ್ನು ಉರ್ದುವಿನಲ್ಲಿ ನಡೆಸಬೇಕೆಂದು ನಿಶ್ಚಯಿಸಿ, ಗ್ರಂಥಗಳನ್ನು ಅನುವಾದಿಸುವುದಕ್ಕಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿತ್ತು. ವೈದ್ಯಶಾಸ್ತ್ರವನ್ನು ಕೂಡ ಇಲ್ಲಿ ಉರ್ದುವಿನಲ್ಲಿ ಕಲಿಸಿದರು. ದೇಶಭಾಷೆಯೊಂದರಲ್ಲಿ ಅಂಗರಚನೆಯನ್ನು ಮುಜುಗರವಿಲ್ಲದೆ ಹೇಳಬಹುದೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕನ್ನಡದಲ್ಲಿಯೂ ವೈದ್ಯೆಯಾದ ಅನುಪಮಾ ನಿರಂಜನರು ಹದಿಹರೆಯದ ಹುಡುಗಿಯರಿಗಾಗಿ ‘ಕೇಳು ಕಿಶೋರಿ’ ಎಂಬ ಪುಸ್ತಕವನ್ನೇ ಬರೆದುಕೊಟ್ಟಿದ್ದಾರೆ.

ಹಾಗಾದರೆ ಆ ಪಾಠದಲ್ಲಿ ಅಡಗಿಸಬೇಕಾದ ಅಂಥದೇನಿದೆ? ನಾನು ಅರಿತಷ್ಟನ್ನು ಸರಳವಾಗಿ ಹೇಳುವೆನು.

ಪುರುಷನಲ್ಲಿ ವೃಷಣಗಳೆಂಬ ಎರಡು ಗ್ರಂಥಿಗಳಿವೆ. ಇವು ಹೊಟ್ಟೆಯೊಳಗಿರದೆ ಹೊರಗೆ ಚರ್ಮದ ಚೀಲದಲ್ಲಿರುವುದಕ್ಕೆ ಕಾರಣವುಂಟು: ಇಲ್ಲಿ ಸಿದ್ಧವಾಗುವ ವೀರ್ಯಾಣುಗಳಿಗೆ ದೇಹದ ಶಾಖಕ್ಕಿಂತ ಸುಮಾರು ಎರಡು ಡಿಗ್ರಿ ಕಡಮೆ ಶಾಖ ಬೇಕು. ಒಂದು ವೀರ್ಯಾಣು ಹುಟ್ಟಿ ಬಲಿಯುವುದಕ್ಕೆ ಸುಮಾರು 70 ದಿನಗಳು ಹಿಡಿಯುವುವು. ಅದಕ್ಕೊಂದು ತಲೆ, ಈಜುವುದಕ್ಕೊಂದು ಬಾಲ, ಬರಿಗಣ್ಣಿಗೆ ಕಾಣುವಂಥದಲ್ಲ. ವೀರ್ಯನಾಳದ ಮೂಲಕ ಸಾಗಿ, ದಾರಿಯಲ್ಲಿ ಪ್ರೊಸ್ಟೇಟ್ ಮುಂತಾದ ಗ್ರಂಥಿಗಳ ರಸದೊಡನೆ ಸೇರಿ, ಶಿಶ್ನದ ಮೂಲಕ ಹೊರಬರುವುದು. ಸ್ತ್ರೀಯಲ್ಲಿ ಈ ಅಂಗಗಳೆಲ್ಲ ಒಡಲೊಳಗೆ ಸುರಕ್ಷಿತವಾಗಿವೆ. ಕಿಬ್ಬೊಟ್ಟೆಯ ಎರಡು ಪಕ್ಕಗಳಲ್ಲಿ ಎರಡು ಅಂಡಾಶಯಗಳು, ಅವುಗಳಿಂದ ಒಳಗೆ ಬರುವ ಎರಡು ಅಂಡನಾಳಗಳು, ನಡುವೆ ಮುಷ್ಟಿಯಷ್ಟು ಗಾತ್ರದ ಗರ್ಭಾಶಯ, ಅದರ ಕೆಳಗೆ ಹೊರದಾರಿಯಾದ ಯೋನಿ. ಹುಡುಗನಲ್ಲಿ ವೀರ್ಯಾಣುಗಳು ಹದಿಹರೆಯದಲ್ಲಿ ಹುಟ್ಟತೊಡಗಿದರೆ, ಹುಡುಗಿಯು ಹುಟ್ಟುವಾಗಲೇ ತನ್ನ ಅಂಡಾಣುಗಳ ಭಂಡಾರವನ್ನು ಹೊತ್ತು ಬರುವಳು. ಹತ್ತರಿಂದ ಇಪ್ಪತ್ತು ಲಕ್ಷದಷ್ಟು ಬೀಜಗಳಲ್ಲಿ ಆಯುಷ್ಯದಲ್ಲಿ ಬಲಿತು ಹೊರಬರುವುವು ನಾಲ್ಕು ನೂರೋ ಐದು ನೂರೋ ಮಾತ್ರ. ವಿಚಾರ ಮಾಡಿ ನೋಡಿರಿ: ನಿಮ್ಮಲ್ಲಿ ಪ್ರತಿಯೊಬ್ಬರೂ ಬೆಳೆದು ಬಂದ ಆ ಬೀಜವು ನಿಮ್ಮ ತಾಯಿಯು ಶಿಶುವಾಗಿ ನಿಮ್ಮ ಅಜ್ಜಿಯ ಒಡಲಲ್ಲಿದ್ದಾಗಲೇ ಅವಳೊಳಗೆ ಸಿದ್ಧವಾಗಿತ್ತು.

ಹದಿಹರೆಯದಲ್ಲಿ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಆಜ್ಞೆ ಕೊಟ್ಟೊಡನೆ ಈ ಯಂತ್ರವೆಲ್ಲ ಎಚ್ಚರಗೊಳ್ಳುವುದು. ಹುಡುಗನ ದನಿ ಒಡೆಯುವುದು, ಮೀಸೆ ಚಿಗುರುವುದು. ಹುಡುಗಿಯ ಎದೆ ತುಂಬುವುದು, ಮುಟ್ಟು ಆರಂಭವಾಗುವುದು. ಒಬ್ಬರಿಗೆ ಹತ್ತನೆಯ ವರ್ಷ, ಒಬ್ಬರಿಗೆ ಹದಿನೈದನೆಯ ವರ್ಷ. ಮುಂದಾದವರು ಜಂಬಪಡಬೇಕಾಗಿಲ್ಲ, ಹಿಂದಾದವರು ಅಂಜಬೇಕಾಗಿಲ್ಲ. ಸುಮಾರು 28 ದಿನಗಳಿಗೊಮ್ಮೆ, ಕೆಲವರಲ್ಲಿ ನಾಲ್ಕಾರು ದಿನ ಹೆಚ್ಚುಕಡಮೆಯಾಗಿ, ಒಂದು ಅಂಡಾಣು ಬಲಿತು ಅಂಡನಾಳವನ್ನು ಸೇರುವುದು. ವಯಸ್ಕರಾದ ಸ್ತ್ರೀಪುರುಷರ ಸಮಾಗಮದಲ್ಲಿ ಯೋನಿಯನ್ನು ಸೇರಿದ ವೀರ್ಯದೊಳಗೆ ಕೋಟಿಗಟ್ಟಲೆ ವೀರ್ಯಾಣುಗಳಿದ್ದರೂ ಅಂಡಾಣುವಿನ ಬಳಿಗೆ ಬಂದು ಮುಟ್ಟುವುವು ಕೆಲವೇ, ಒಳಹೊಗುವುದು ಒಂದೇ. ಇದಕ್ಕೆ ನಿಷೇಚನವೆಂದು ಹೆಸರು. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ಆರೇಳು ದಿನಗಳಲ್ಲಿ ಗರ್ಭಾಶಯದ ಗೋಡೆಗೆ ಅಂಟಿಕೊಳ್ಳುವುದು. ಅಲ್ಲಿ ಮಾಸು ಬೆಳೆದು, ಹೊಕ್ಕಳುಬಳ್ಳಿಯ ಮೂಲಕ ತಾಯಿಯ ಆಹಾರವೂ ಪ್ರಾಣವಾಯುವೂ ಶಿಶುವಿಗೆ ದೊರೆಯುವುವು. ಆದರೂ ತಾಯಿಯ ರಕ್ತವೂ ಶಿಶುವಿನ ರಕ್ತವೂ ನೇರವಾಗಿ ಬೆರೆಯುವುದಿಲ್ಲ. ಕೊನೆಯ ಮುಟ್ಟಿನಿಂದ ಎಣಿಸಿದರೆ ಸುಮಾರು 280 ದಿನಗಳಿಗೆ ಹೆರಿಗೆ.

ನಮ್ಮದೇ ಊರಿನ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಬೇಗಂಪೇಟೆಯಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಎಂಬ ವೈದ್ಯನು ಸೊಳ್ಳೆಯ ಜಠರದ ಗೋಡೆಯ ಮೇಲೆ ಮಲೇರಿಯಾ ಜೀವಿಯ ದುಂಡನೆಯ ಕೋಶಗಳನ್ನು ಕಂಡನು. 1902ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದಿತು. ಅದನ್ನು ನಾವು ಪ್ರತಿವರ್ಷ ಹೆಮ್ಮೆಯಿಂದ ಹೇಳುತ್ತೇವೆ. ಆ ಕೋಶಗಳಾದರೂ ಏನು? ಮಲೇರಿಯಾ ಜೀವಿಯ ಗಂಡು ಕೋಶವೂ ಹೆಣ್ಣು ಕೋಶವೂ ಸೊಳ್ಳೆಯ ಹೊಟ್ಟೆಯಲ್ಲಿ ಕೂಡಿದುದರ ಫಲ! ಸೊಳ್ಳೆಯ ಹೊಟ್ಟೆಯೊಳಗಿನ ನಿಷೇಚನವನ್ನು ಹೇಳುವಾಗ ಯಾರ ಮುಖವೂ ಕೆಂಪೇರುವುದಿಲ್ಲ. ನಮ್ಮ ತಾಯಿಯ ಒಡಲಿನ ಮಾತು ಬಂದಾಗ ಮಾತ್ರ ಪುಟ ತಿರುಗಿಸುತ್ತೇವೆ.

ಪುಟ ತಿರುಗಿಸಿದರೆ ಏನು ಕೆಟ್ಟಿತು ಎಂದು ಕೇಳುವವರುಂಟು. ಬಹಳ ಕೆಟ್ಟಿದೆ. ಮೂರನೆಯದೂ ಹೆಣ್ಣಾಯಿತೆಂದು ಸೊಸೆಯನ್ನು ಹಂಗಿಸುವ ಮನೆಗಳನ್ನು ನೀವೂ ಕಂಡಿರುವಿರಿ. “ಅವಳ ಬಸಿರೇ ಅಂಥದು” ಎಂಬ ಮಾತನ್ನು ನಾನು ಊರಿನಲ್ಲಿಯೂ ಕೇಳಿದ್ದೇನೆ, ಇಲ್ಲಿಯೂ ಕೇಳಿದ್ದೇನೆ. ಹಾಗೆ ಹೇಳುವವರಿಗೆ ಆ ಪಾಠದ ಅರ್ಧ ಪುಟವನ್ನು ಯಾರಾದರೂ ಓದಿ ಹೇಳಿದ್ದರೆ! ನಮ್ಮ ಪ್ರತಿಯೊಂದು ಕೋಶದಲ್ಲಿಯೂ 46 ವರ್ಣತಂತುಗಳಿವೆ. ಅವುಗಳಲ್ಲಿ ಎರಡು ಲಿಂಗವನ್ನು ನಿರ್ಣಯಿಸುವಂಥವು. ಸ್ತ್ರೀಯಲ್ಲಿ ಎರಡೂ ಎಕ್ಸ್. ಪುರುಷನಲ್ಲಿ ಒಂದು ಎಕ್ಸ್, ಒಂದು ವೈ. ತಾಯಿಯ ಅಂಡಾಣುವು ಎಕ್ಸನ್ನಲ್ಲದೆ ಬೇರೆಯದನ್ನು ಕೊಡಲಾರದು. ತಂದೆಯ ವೀರ್ಯಾಣುಗಳಲ್ಲಿ ಅರ್ಧದಷ್ಟು ಎಕ್ಸ್, ಅರ್ಧದಷ್ಟು ವೈ. ಎಕ್ಸ್ ಬಂದು ಸೇರಿದರೆ ಹೆಣ್ಣು, ವೈ ಬಂದು ಸೇರಿದರೆ ಗಂಡು. ಮಗುವಿನ ಲಿಂಗವು ತಂದೆಯ ಕಡೆಯಿಂದ ಬಂದ ಕಣದಲ್ಲಿದೆ. ಅದರಲ್ಲಿಯೂ ತಂದೆಯ ಇಚ್ಛೆಯೇನೂ ನಡೆಯದು, ನಾಣ್ಯ ಚಿಮ್ಮಿದಂತೆ. 1905ರಷ್ಟು ಹಿಂದೆಯೇ ಅಮೆರಿಕದ ನೆಟ್ಟೀ ಸ್ಟೀವನ್ಸ್ ಎಂಬ ಮಹಿಳೆಯು ಹಿಟ್ಟಿನ ಹುಳುಗಳನ್ನು ಪರೀಕ್ಷಿಸಿ ಇದರ ಮರ್ಮವನ್ನು ತೋರಿಸಿಕೊಟ್ಟಳು.

ಹಬ್ಸಿಗುಡದ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ಮುಂದೆ ನಿಮ್ಮಲ್ಲಿ ಹಲವರು ಬಸ್ಸಿನಲ್ಲಿ ಹಾದುಹೋಗಿರಬಹುದು. ಅದರ ನಿರ್ದೇಶಕರಾಗಿದ್ದ, 2017ರಲ್ಲಿ ದಿವಂಗತರಾದ ಲಾಲ್‌ಜಿ ಸಿಂಗ್ ಎಂಬ ವಿಜ್ಞಾನಿಯು ಕಟ್ಟುಹಾವಿನ ಲಿಂಗನಿರ್ಣಾಯಕ ವರ್ಣತಂತುವನ್ನು ಶೋಧಿಸುತ್ತ ಹೊರಟು, ಕಡೆಗೆ ಮನುಷ್ಯರನ್ನು ಗುರುತಿಸುವ ಡಿಎನ್‌ಎ ಬೆರಳಚ್ಚಿನ ವಿಧಾನಕ್ಕೆ ಬಂದು ಮುಟ್ಟಿದರು. ಆ ಹಾವಿನಲ್ಲಿ ಎರಡು ಬಗೆಯ ವರ್ಣತಂತುಗಳಿರುವುದು ಹೆಣ್ಣಿನಲ್ಲಿ. ಆದುದರಿಂದ ಕಟ್ಟುಹಾವಿನ ಅತ್ತೆಯು ಸೊಸೆಯನ್ನು ದೂರಿದರೆ ಶಾಸ್ತ್ರಸಮ್ಮತವೆನ್ನಬಹುದು. ಮನುಷ್ಯರ ಅತ್ತೆಗೆ ಆ ಅವಕಾಶವಿಲ್ಲ.

ನಗೆಯ ಮಾತು ಹಾಗಿರಲಿ. 2011ರ ಜನಗಣತಿಯಲ್ಲಿ ನಮ್ಮ ದೇಶದ ಆರು ವರ್ಷದವರೆಗಿನ ಮಕ್ಕಳಲ್ಲಿ 1,000 ಗಂಡುಗಳಿಗೆ ಹೆಣ್ಣುಗಳು 920ಕ್ಕೂ ಕಡಮೆ. ಹುಟ್ಟುವ ಮೊದಲೇ ಲಿಂಗವನ್ನು ಪತ್ತೆಹಚ್ಚುವುದನ್ನು 1994ರ ಕಾನೂನು ನಿಷೇಧಿಸಿದೆ. ಹಾಗಿದ್ದರೂ 2023ರಲ್ಲಿ ಮಂಡ್ಯದ ಬಳಿ ಒಂದು ಆಲೆಮನೆಯಲ್ಲಿ, ಬೆಲ್ಲ ಕಾಯಿಸುವ ಸ್ಥಳದಲ್ಲಿ, ಯಂತ್ರವನ್ನಿಟ್ಟು ಬಸುರಿಯರನ್ನು ಪರೀಕ್ಷಿಸುತ್ತಿದ್ದುದು ಬಯಲಿಗೆ ಬಂದಿತು. ಆ ಆಲೆಮನೆಯವರೆಗೆ ಹೆಂಡತಿಯನ್ನು ಕರೆದುಕೊಂಡು ಹೋದ ಗಂಡಂದಿರಲ್ಲಿ ಶಾಲೆ ಕಲಿತವರು ಇರಲಿಲ್ಲವೆಂದು ನಾನು ನಂಬಲಾರೆನು. ಅವರ ಶಾಲೆಯಲ್ಲಿಯೂ ಈ ಪಾಠವನ್ನು ಮನೆಯಲ್ಲಿ ಓದಿಕೊಳ್ಳಲು ಹೇಳಿರಬೇಕು.

ಮುಟ್ಟಿನ ವಿಷಯವೂ ಹಾಗೆಯೇ. ಅದು ಕೆಟ್ಟ ರಕ್ತವೆಂದೂ, ಆ ದಿನಗಳಲ್ಲಿ ಹುಡುಗಿಯು ಮುಟ್ಟಿದರೆ ಉಪ್ಪಿನಕಾಯಿ ಹಳಸುವುದೆಂದೂ ಹೇಳುವವರು ಈಗಲೂ ಇದ್ದಾರೆ. ಶಿಶುವಿಗಾಗಿ ಗರ್ಭಾಶಯವು ತಿಂಗಳು ತಿಂಗಳೂ ತನ್ನ ಒಳಗೋಡೆಗೆ ರಕ್ತದ ಮೆತ್ತೆಯನ್ನು ಹಾಸುತ್ತದೆ. ಬಸಿರು ನಿಲ್ಲದಿದ್ದರೆ ಆ ಹಾಸಿಗೆಯನ್ನು ಮಡಿಚಿ ಹೊರಹಾಕುತ್ತದೆ. ಅಷ್ಟೇ ಮುಟ್ಟು. ಹೊರಹೋಗುವ ರಕ್ತವಾದರೂ ಸಾಮಾನ್ಯವಾಗಿ ಎರಡು ಮೂರು ದೊಡ್ಡ ಚಮಚಗಳಷ್ಟು. ಇದರಲ್ಲಿ ಮೈಲಿಗೆಯಿಲ್ಲವೆಂದು ಹೇಳುವುದಕ್ಕೆ ಸೂಕ್ಷ್ಮದರ್ಶಕವೂ ಬೇಕಾಗಿರಲಿಲ್ಲ: ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ತಳ್ಳಿಹಾಕಿದ ಐದು ಸೂತಕಗಳಲ್ಲಿ ರಜಸ್ಸಿನ ಸೂತಕವೂ ಒಂದು, ಜನನದ ಸೂತಕವೂ ಒಂದು. ಆ ಕಲ್ಯಾಣವು ಬೀದರ್ ಜಿಲ್ಲೆಯಲ್ಲಿದೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು. ನಮ್ಮ ಹುಡುಗಿಯರಿಗೆ ಆ ದಿನಗಳಲ್ಲಿ ಬೇಕಾದುದು ಬೇರೆ ಮೂಲೆಯಲ್ಲ. ಸ್ವಚ್ಛವಾದ ಬಟ್ಟೆ ಅಥವಾ ಪ್ಯಾಡು, ನೀರು, ಒಳಗಿನಿಂದ ಅಗುಳಿ ಹಾಕುವ ಶೌಚಾಲಯ. ಒಂದೇ ಕೋಣೆಯ ಮನೆಯಲ್ಲಿ ಐದಾರು ಜನ ಇರುವಲ್ಲಿ ಮೂಲೆಯಾದರೂ ಎಲ್ಲಿಂದ ಬರಬೇಕು! ಹುಡುಗರು ಕೂಡ ಇದನ್ನು ಕೇಳಿ ತಿಳಿದಿದ್ದರೆ, ತಂಗಿಯ ಲಂಗದ ಮೇಲೆ ಕಲೆ ಕಂಡಾಗ ನಗುವ ಬದಲು ತನ್ನ ಅಂಗಿಯನ್ನು ಕೊಟ್ಟು ಸೊಂಟಕ್ಕೆ ಕಟ್ಟಿಕೊಳ್ಳೆಂದು ಹೇಳುವನು.

ಹುಡುಗರ ಕಷ್ಟವನ್ನು ಯಾರೂ ಹೇಳುವುದೇ ಇಲ್ಲ. ಹದಿಹರೆಯದಲ್ಲಿ ನಿದ್ರೆಯಲ್ಲಿ ತಾನಾಗಿ ವೀರ್ಯ ಹೊರಬರುವುದುಂಟು. ಅದು ರೋಗವಲ್ಲ, ಶಕ್ತಿಯ ನಷ್ಟವೂ ಅಲ್ಲ. ದನಿ ಒಡೆಯುವಷ್ಟೇ ಸಹಜ. ಒಂದು ತೊಟ್ಟು ವೀರ್ಯಕ್ಕೆ ಇಷ್ಟು ತೊಟ್ಟು ರಕ್ತವೆಂಬ ಲೆಕ್ಕವನ್ನು ದೇಹವು ಕಂಡದ್ದೇ ಇಲ್ಲ. ಆದರೆ ಈ ಮಾತನ್ನು ಹೇಳುವವರಿಲ್ಲದೆ ಹುಡುಗನು ತನಗೇನೋ ಆಗಿದೆಯೆಂದು ಹೆದರಿ, ರೈಲು ದಾರಿಯ ಗೋಡೆಗಳ ಮೇಲೆ ‘ಗುಪ್ತರೋಗ’ವೆಂದು ಬರೆಯಿಸಿದ ನಕಲಿ ವೈದ್ಯನ ಬಾಗಿಲಿಗೆ ಹೋಗುವನು. ಇಂಥ ಜಾಹೀರಾತುಗಳ ಮೇಲೆ 1954ರಿಂದಲೇ ಕಾನೂನಿನ ನಿಷೇಧವಿದ್ದರೂ ಸುಣ್ಣದ ಅಕ್ಷರಗಳು ಅಳಿದಿಲ್ಲ. ತರಗತಿಯಲ್ಲಿ ಐದು ನಿಮಿಷ ಆಡಬಹುದಾಗಿದ್ದ ಮಾತಿಗೆ ಬದಲಾಗಿ ಎಷ್ಟು ಹುಡುಗರು ಎಷ್ಟು ತಿಂಗಳ ಹಣವನ್ನು ಕೊಟ್ಟಿರುವರೋ!

ತಿಳಿದರೆ ಮಕ್ಕಳು ಕೆಡುವರೆಂಬುದು ಹಿರಿಯರ ದೊಡ್ಡ ಆಕ್ಷೇಪ. ಅದನ್ನು ನಾನು ಹಗುರವಾಗಿ ತಳ್ಳುವುದಿಲ್ಲ. ಊರು ಬಿಟ್ಟು ಬಂದು ಪರರ ನಡುವೆ ಮಕ್ಕಳನ್ನು ಬೆಳೆಸುವವರಿಗೆ ಭಯವಿರುವುದು ಸ್ವಾಭಾವಿಕ. ಆದರೆ ಇಂದು ಅಂಗೈಯೊಳಗಿನ ಮೊಬೈಲಿನಲ್ಲಿ ಬಾರದುದು ಯಾವುದಿದೆ? ಅಲ್ಲಿ ಬರುವುದು ಜ್ಞಾನವಲ್ಲ, ವಿಕಾರ. ಮಗುವು ತಿಳಿಯಬೇಕೋ ಬೇಡವೋ ಎಂಬ ಪ್ರಶ್ನೆ ಮುಗಿದುಹೋಗಿದೆ. ಯಾರಿಂದ ತಿಳಿಯಬೇಕೆಂಬುದಷ್ಟೇ ಉಳಿದಿದೆ. ನಮ್ಮ ನಾಡು ಈ ವಿಷಯದಲ್ಲಿ ಒಮ್ಮೆ ಎಷ್ಟು ಧೈರ್ಯ ತೋರಿತ್ತೆಂದರೆ, 1930ರಲ್ಲಿ ಮೈಸೂರು ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಪ್ರಪಂಚದಲ್ಲಿ ಸರ್ಕಾರವೊಂದು ತೆರೆದ ಮೊದಲ ಅಂಥ ಚಿಕಿತ್ಸಾಲಯಗಳೆಂದು ಅವು ಪ್ರಸಿದ್ಧವಾಗಿವೆ. ಅದೇ ನಾಡು 2007ರಲ್ಲಿ, ಬೇರೆ ಕೆಲವು ರಾಜ್ಯಗಳೊಡನೆ ಸೇರಿ, ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣವನ್ನು ತಡೆಹಿಡಿಯಿತು. ಎಪ್ಪತ್ತೇಳು ವರ್ಷಗಳಲ್ಲಿ ನಾವು ಮುಂದೆ ಬಂದೆವೋ ಹಿಂದೆ ಹೋದೆವೋ, ನೀವೇ ಹೇಳಿರಿ.

ಇನ್ನೊಂದು ಸಂಗತಿಯಿದೆ, ಅದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯಲೇಬೇಕು. ಮಗುವಿನ ದೇಹವನ್ನು ಯಾರಾದರೂ ಮುಟ್ಟಬಾರದ ರೀತಿಯಲ್ಲಿ ಮುಟ್ಟಿದರೆ, ಎಲ್ಲಿ ಮುಟ್ಟಿದರೆಂದು ಹೇಳುವುದಕ್ಕೆ ಆ ಮಗುವಿಗೆ ಹೆಸರುಗಳು ಬೇಕು. ಬೈಗುಳದ ಪದವನ್ನು ಅದು ಅಮ್ಮನ ಮುಂದೆ ಆಡಲಾರದು. ಬೇರೆ ಪದವನ್ನು ನಾವು ಕೊಟ್ಟಿಲ್ಲ. ಆಗ ಉಳಿಯುವುದು ಅಳು ಮಾತ್ರ. ಹದಿನೆಂಟು ವರ್ಷದೊಳಗಿನ ಎಲ್ಲರ ರಕ್ಷಣೆಗಾಗಿ 2012ರಲ್ಲಿ ಪೋಕ್ಸೊ ಎಂಬ ಕಾನೂನು ಬಂದಿದೆ. 1098 ಎಂಬ ದೂರವಾಣಿ ಸಂಖ್ಯೆಗೆ ಮಕ್ಕಳೇ ಕರೆ ಮಾಡಬಹುದು. ಇವೆರಡೂ ನಿಮ್ಮವು, ನೆನಪಿನಲ್ಲಿಡಿರಿ.

ಪಾಠವನ್ನು ಹೇಗೆ ನಡೆಸಬೇಕೆಂಬುದರಲ್ಲಿ ನನ್ನದೊಂದು ಸಲಹೆ. ಮೊದಲ ದಿನ ಉಪಾಧ್ಯಾಯರೇ ಪಾಠವನ್ನು ಕೊನೆಯವರೆಗೆ ಓದಲಿ. ಮೊದಲ ಹತ್ತು ನಿಮಿಷ ನಗೆ ಬರುವುದು. ಬರಲಿ, ತಾನೇ ಅಡಗುವುದು. ಎರಡನೆಯ ದಿನ ತರಗತಿಯಲ್ಲಿ ಒಂದು ಬೀಗದ ಪೆಟ್ಟಿಗೆಯನ್ನಿಟ್ಟು, ಹೆಸರು ಬರೆಯದೆ ಪ್ರಶ್ನೆಗಳನ್ನು ಹಾಕುವಂತೆ ಹೇಳಲಿ. ಕನ್ನಡದಲ್ಲಿ ಪದ ತೋಚದಿದ್ದರೆ ತೆಲುಗಿನಲ್ಲಿ ಬರೆಯಿರಿ, ಉರ್ದುವಿನಲ್ಲಿ ಬರೆಯಿರಿ. ಉತ್ತರವು ಕನ್ನಡದಲ್ಲಿ ಬರುವುದು. ವಿಜ್ಞಾನದ ಉಪಾಧ್ಯಾಯರಿಗೆ ಸಂಕೋಚವಾದರೆ ದವಾಖಾನೆಯ ವೈದ್ಯರನ್ನೋ ದಾದಿಯರನ್ನೋ ಒಂದು ಗಂಟೆ ಕರೆಸಬಹುದು.

ನನ್ನ ಬಳಿಗೆ ಮಕ್ಕಳು ಹೆಚ್ಚಾಗಿ ತರುವ ಪ್ರಶ್ನೆಯೊಂದಕ್ಕೆ ಇಲ್ಲಿಯೇ ಉತ್ತರ ಹೇಳಿಬಿಡುವೆನು. ಅವಳಿಗಳಲ್ಲಿ ಕೆಲವರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದೂ, ಕೆಲವರು ಬೇರೆ ಬೇರೆಯಾಗಿರುವುದೂ ಏಕೆ? ನಿಷೇಚನಗೊಂಡ ಒಂದೇ ಅಂಡವು ಮೊದಲ ದಿನಗಳಲ್ಲಿ ಎರಡಾಗಿ ಬೇರೆಯಾದರೆ ಒಂದೇ ರೂಪದ ಅವಳಿಗಳು. ಅವರು ಸಾಮಾನ್ಯವಾಗಿ ಇಬ್ಬರೂ ಗಂಡು ಇಲ್ಲವೆ ಇಬ್ಬರೂ ಹೆಣ್ಣು. ಎರಡು ಅಂಡಗಳು ಒಂದೇ ತಿಂಗಳಲ್ಲಿ ಬಲಿತು, ಎರಡು ಬೇರೆ ವೀರ್ಯಾಣುಗಳನ್ನು ಕೂಡಿಕೊಂಡರೆ ಬೇರೆ ರೂಪದ ಅವಳಿಗಳು. ಅವರಲ್ಲಿ ಒಬ್ಬ ಅಣ್ಣನೂ ಒಬ್ಬ ತಂಗಿಯೂ ಇರಬಹುದು. ಉಳಿದ ಪ್ರಶ್ನೆಗಳನ್ನು ಪೆಟ್ಟಿಗೆಗೆ ಹಾಕಿರಿ.